ರಾಯಚೂರಿನ ಮೊಳ

ಬುಟ್ಟಿಯಲ್ಲಿ ಚೀಟಿ ಬಂದ ದಿನ ಬೂದೆಮ್ಮ ಸಂಜೆಯ ರೊಟ್ಟಿ ಮುಟ್ಟಲಿಲ್ಲ.

ದಿನವೂ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಜಾಲಹಳ್ಳಿಯಿಂದ ಅವಳ ಹೂವಿನ ಬುಟ್ಟಿ ಹೋಗುತ್ತಿತ್ತು. ದೇವದುರ್ಗ ಹಾಯ್ದು ರಾಯಚೂರು ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಮಲ್ಲಿಗೆ ರಾಯಚೂರಿನ ಸಂಜೆಗೆ, ಅಬ್ಬಲಿಗೆ, ಅಂದರೆ ಕನಕಾಂಬರ, ಹೈದರಾಬಾದಿನ ಬೆಳಗಿಗೆ. ಬಿಸಿಲು ಏರುವ ಮೊದಲೇ ಹರಿದು, ಬಾಳೆನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಮೇಲೆ ಹಸಿ ಗೋಣಿತಟ್ಟು ಹೊದಿಸಿ ಕಳಿಸಿದರೆ ಅಲ್ಲಿಗೆ ಇವರ ಕೆಲಸ ಮುಗಿಯಿತು. ಸಂಜೆ ಅದೇ ಬಸ್ಸು ಖಾಲಿ ಬುಟ್ಟಿ ತಂದು ಇಳಿಸುತ್ತಿತ್ತು. ಎರಡು ವರ್ಷದಿಂದ ಹೀಗೇ ನಡೆದಿತ್ತು. ಹೂ ಕೊಳ್ಳುವವರ ಮುಖ ಇವಳು ಕಂಡಿರಲಿಲ್ಲ, ಇವಳ ಮುಖ ಅವರು ಕಂಡಿರಲಿಲ್ಲ.

"ತಂಗೆವ್ವಾ, ಇವತ್ತು ಬುಟ್ಟಿ ಖಾಲಿ ಬಂದಿಲ್ಲ ನೋಡು. ಕಾಗದ ಬಂದದ," ಎಂದ ಕಂಡಕ್ಟರ್ ಇಮಾಮಹುಸೇನ.

ಬೂದೆಮ್ಮ ಮೂರನೆಯ ಇಯತ್ತೆಯ ತನಕ ಕಲಿತವಳು. ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ನಿಮ್ಮ ಮೊಳ ಸಣ್ಣದು. ನೂರು ಮೊಳ ಎಂದು ಕಳಿಸುತ್ತೀರಿ. ನಾನು ಅಳೆದರೆ ತೊಂಬತ್ತೂ ಆಗುವುದಿಲ್ಲ. ಹೂವಿನಲ್ಲಿ ಮೋಸ ಚಲೋ ಅಲ್ಲ. ಯಮನೂರಪ್ಪ, ಸುಗ್ರಾ ಬೇಗಂ ಅವರ ಹೂವಿನ ಅಂಗಡಿ, ರಾಯಚೂರು.'

ಮೋಸ ಎಂಬ ಎರಡಕ್ಷರ ಅವಳ ಎದೆಯಲ್ಲಿ ಜಾಲಿಮುಳ್ಳಿನಂತೆ ಮುರಿದುಕೊಂಡು ಕೂತಿತು.

"ಹೋಗ್ಲಿ ಬಿಡು, ದೂರದ ಊರಾಗ ಕುಂತು ಯಾರೋ ಬರದ್ರ ನಿನಗೇನು?" ಎಂದಳು ಅತ್ತಿಗೆ ದುರುಗಮ್ಮ, ಕೂಸಿಗೆ ಮೊಲೆ ಕೊಡುತ್ತ.

"ನಾ ಕಟ್ಟಿದ್ದು ನೂರು ಮೊಳ. ನೀನ ಎಣಿಸೀದಿ."

"ಎಣಿಸೀನಿ."

"ಮತ್ತ?"

"ಮತ್ತೇನು, ನಾಳಿ ಬುಟ್ಟಿ ಜೋಡಿ ನೀನೂ ಬಸ್ಸು ಹತ್ತು. ಹೋಗಿ ಅವನ ಮಾರಿ ಮುಂದ ಅಳದು ಬಾ."

ದುರುಗಮ್ಮ ನಗೆಗೆ ಅಂದದ್ದು. ಬೂದೆಮ್ಮ ಮಾರನೆಯ ಬೆಳಿಗ್ಗೆ ಹಸಿರು ಇಳಕಲ್ ಸೀರೆಯುಟ್ಟು ಬುಟ್ಟಿಯ ಪಕ್ಕದಲ್ಲಿ ಬಂದು ನಿಂತೇಬಿಟ್ಟಳು. ಅಪ್ಪ ಗಡಿಗೆಪ್ಪ ಕುರಿ ಬಿಡುತ್ತಿದ್ದವನು ತಿರುಗಿ ನೋಡಿ, "ಜಗಳಾಡೂದಿದ್ರ ಆಡು. ಸಂಜಿ ಬಸ್ಸು ಮಾತ್ರ ತಪ್ಪಿಸಬ್ಯಾಡ," ಎಂದಷ್ಟೇ ಹೇಳಿದ.

ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಒಂದು ಸಂದಿಯಲ್ಲಿ ಅಂಗಡಿ. ಹಲಗೆಯ ಮೇಲೆ ಸುಗ್ರಾ ಬೇಗಂ ಕೂತಿದ್ದಳು. ಅರವತ್ತು ದಾಟಿದ ಹೆಂಗಸು, ಬಾಯಲ್ಲಿ ಪಾನು, ಕೈಯಲ್ಲಿ ಯಾವುದೋ ಮದುಮಗನ ಮುಖಕ್ಕೆ ಇಳಿಬಿಡುವ ಸೆಹರಾ. ಒಳಗೆ ಒಬ್ಬ ಗಂಡಸು ಬೆನ್ನು ಮಾಡಿ ನಿಂತು ಗೋಣಿತಟ್ಟಿಗೆ ನೀರು ಚಿಮುಕಿಸುತ್ತಿದ್ದ. ಎತ್ತರ ಎಂದರೆ ಎತ್ತರ, ತಲೆ ಮಾಡಿನ ಜಂತಿಗೆ ತಾಗುವಂತಿತ್ತು.

"ಯಮನೂರಪ್ಪ ಅನ್ನಾವ್ರು ಯಾರು ಇಲ್ಲಿ?"

ಅವನು ತಿರುಗಿದ. "ನಾನ್ರೀ."

"ಮೋಸ ಅಂತ ಬರದಾವ್ರು ನೀವೇ ಏನು?"

ಅವನ ಕಣ್ಣು ಅವಳ ಕಂಕುಳದ ಬುಟ್ಟಿಗೆ ಇಳಿಯಿತು, ಬುಟ್ಟಿಯಿಂದ ಅವಳ ಮುಖಕ್ಕೆ ಏರಿತು, ಏರಿದ್ದು ಅಲ್ಲೇ ನಿಂತಿತು. "ಜಾಲಹಳ್ಳಿ ಬುಟ್ಟಿ ಅಲ್ಲೇನ್ರೀ ಇದು? ನಾ ಯಾರೋ ಮುದುಕಿ ಕಟ್ಟತಾಳ ಅಂತ ತಿಳಕೊಂಡಿದ್ದೆ."

"ಮುದುಕಿಗಾದ್ರ ಮೋಸಗಾತಿ ಅನ್ನಬಹುದೇನು?"

ಸುಗ್ರಾ ಬೇಗಂ ಪಾನು ಉಗುಳಿ ನಕ್ಕಳು. "ಜವಾಬು ಕೊಡೋ ಮಿಯಾ. ಕಾಗದದಾಗ ಭಾಳ ಶೇರ್, ಹುಲಿ ಇದ್ದಿ ನೀನು."

ಬೂದೆಮ್ಮ ಬುಟ್ಟಿ ಇಳಿಸಿ ಮಾಲೆ ಬಿಚ್ಚಿದಳು. "ಅಳೀರಿ. ನನ್ನ ಮುಂದ ಅಳೀರಿ."

ಅವನು ಅಳೆದ. ಮೊಳಕೈಯಿಂದ ನಡುಬೆರಳಿನ ತುದಿಯ ತನಕ ಒಂದು, ಎರಡು, ಮೂರು. ಎಂಬತ್ತಾರಕ್ಕೆ ಮಾಲೆ ಮುಗಿಯಿತು. ಅವಳು ಕಸಿದುಕೊಂಡು ತಾನೇ ಅಳೆದಳು. ಸರಿಯಾಗಿ ನೂರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಅವನು ಮತ್ತೆ ಅಳೆದ, ಎಂಬತ್ತಾರು. ಅವಳು ಮತ್ತೆ ಅಳೆದಳು, ನೂರು.

"ಯಾ ಅಲ್ಲಾ," ಎಂದು ಸುಗ್ರಾ ಬೇಗಂ ಹಣೆ ಚಚ್ಚಿಕೊಂಡಳು. "ದಿವಾನೇ ಲೋಗ್, ಹುಚ್ಚರು. ಹೂವಿನ ಮೊಳ ಬಿಡ್ರಿ, ಕೈಯಿನ ಮೊಳ ನೋಡ್ರಿ. ಇಡ್ರಿ ಇಬ್ರೂ ಕೈ ಇಲ್ಲಿ."

ಒದ್ದೆ ಹಲಗೆಯ ಮೇಲೆ ಎರಡು ಕೈಗಳು ಪಕ್ಕಪಕ್ಕ ಮಲಗಿದವು, ಮೊಳಕೈಗೆ ಮೊಳಕೈ ಸಮ. ಅವಳ ನಡುಬೆರಳು ಮುಗಿದಲ್ಲಿಂದ ಅವನ ಕೈ ಇನ್ನೂ ನಾಲ್ಕು ಬೆರಳಿನಷ್ಟು ಮುಂದಕ್ಕೆ ಹೋಗಿತ್ತು. ಅವಳ ಕೈಯಲ್ಲಿ ಹಸಿರು ಬಳೆ, ಅವನ ಮಣಿಕಟ್ಟಿನಲ್ಲಿ ಕರಿ ದಾರ. ನಡುವೆ ಒಂದು ಜೋಳದ ಕಾಳು ಹಿಡಿಯುವಷ್ಟು ಜಾಗ. ಅಳೆದಾಗಿತ್ತು, ಗೊತ್ತಾಗಿತ್ತು. ಆದರೂ ಕೈ ಮೊದಲು ಯಾರು ಎಳೆದುಕೊಳ್ಳಬೇಕು ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

"ಈಗ ಹೇಳ್ರಿ, ಮೋಸ ಯಾರದು?" ಎಂದಳು ಬೂದೆಮ್ಮ. ದನಿ ಮಾತ್ರ ಬಂದಾಗಿನಷ್ಟು ಗಟ್ಟಿಯಿರಲಿಲ್ಲ.

"ನಮ್ಮವ್ವಂದ್ರೀ. ಇಷ್ಟುದ್ದ ಹಡದಾಳ," ಎಂದ ಯಮನೂರಪ್ಪ. "ತಪ್ಪಾತು. ಆ ಚೀಟಿ ಹರದು ಒಲಿಗಿ ಹಾಕ್ರಿ."

ಅವಳು ಹರಿಯಲಿಲ್ಲ. ಅಂದು ಆದ ಮಾತೆಂದರೆ ಇನ್ನು ಮುಂದೆ ಜಾಲಹಳ್ಳಿಯ ಹೂ ರಾಯಚೂರಿನ ಮೊಳದಲ್ಲಿ ಬರಬೇಕು. ಅವಳ ಮೊಳದ ಮೇಲೆ ನಾಲ್ಕು ಬೆರಳು.

ಹಾಗೆ ಶುರುವಾಯಿತು. ಬೆಳಗಾದರೆ ಅವಳು ಮಾಲೆ ಹಿಡಿದು ತನ್ನ ಮೊಳಕೈಗೆ ಹಚ್ಚುತ್ತಿದ್ದಳು, ಬೆರಳ ತುದಿ ಬಂದಮೇಲೆ ಎಡಗೈಯ ನಾಲ್ಕು ಬೆರಳು ಸೇರಿಸುತ್ತಿದ್ದಳು. ಆ ನಾಲ್ಕು ಬೆರಳು ಅವಳವಲ್ಲ. ದಿನಕ್ಕೆ ನೂರು ಸಲ ಒಬ್ಬ ಗಂಡಸಿನ ಕೈಯನ್ನು ತನ್ನ ಕೈಯ ಪಕ್ಕ ಇಟ್ಟು ಅಳೆಯುವ ಕೆಲಸ ಅವಳಿಗೆ ಬಂದಿತ್ತು. ಅದೂ ಅಪ್ಪನ ಎದುರಿಗೆ, ಅಣ್ಣ ಹನುಮಂತ್ರಾಯನ ಎದುರಿಗೆ, ಹಾಡುಹಗಲಿನಲ್ಲಿ. ಯಾರೂ ಏನೂ ಅನ್ನುವಂತಿರಲಿಲ್ಲ. ವ್ಯಾಪಾರದ ಮಾತಲ್ಲವೇ?

ಚೀಟಿಗಳೂ ವ್ಯಾಪಾರದವೇ. ಸಂಜೆ ಖಾಲಿ ಬುಟ್ಟಿಯಲ್ಲಿ ಅವನದು, ಬೆಳಿಗ್ಗೆ ಹೂವಿನ ಜೊತೆ ಅವಳದು.

'ಇವತ್ತು ಮಲ್ಲಿಗೆ ದಾರಿಯಲ್ಲಿ, ಗಬ್ಬೂರಿನಲ್ಲೇ ಅರಳಿವೆ. ಒಂದು ತಾಸು ಮೊದಲು ಹರೀರಿ.'

'ಮೊದಲೇ ಹರಿದೀನಿ. ಬಸ್ಸು ಮೆಲ್ಲಗೆ ಬಂದರೆ ಹೂವಿನ ತಪ್ಪೇನು?'

'ಅಬ್ಬಲಿಗೆ ಚಲೋ ಇದ್ದವು. ಹೈದರಾಬಾದಿನವರು ಯಾರು ಕಟ್ಟಿದ್ದು ಅಂತ ಕೇಳಿದರು. ಹೇಳಲಿಲ್ಲ.'

'ಯಾಕೆ ಹೇಳಲಿಲ್ಲ?'

'ಅವರು ನೇರ ನಿಮ್ಮ ಊರಿಗೇ ಬಂದರೆ ನಾನೇನು ಮಾಡಲಿ?'

ಈ ಕೊನೆಯ ಚೀಟಿಯನ್ನು ಬೂದೆಮ್ಮ ಬಾವಿಯ ಕಟ್ಟೆಯ ಮೇಲೆ ಕೂತು ಮೂರು ಸಲ ಓದಿದಳು. ವ್ಯಾಪಾರ ಎಲ್ಲಿ ಮುಗಿಯಿತು, ಮತ್ತೊಂದು ಎಲ್ಲಿ ಹತ್ತಿತು ಎಂದು ಹುಡುಕಿದಳು. ಸಿಗಲಿಲ್ಲ.

ಇಮಾಮಹುಸೇನನಿಗೆ ಎಲ್ಲ ಗೊತ್ತಾಗಿತ್ತು. "ಬುಟ್ಟಿಗಿ ಲಗೇಜ್ ಟಿಕೇಟು ಹರೀತೀನಿ ತಂಗಿ. ಈ ಚೀಟಿಗಿ ಯಾವ ಟಿಕೇಟು ಹರೀಲಿ?" ಎನ್ನುತ್ತಿದ್ದ.

"ಸುಮ್ಮಿರ್ರಿ ಅಣ್ಣಾ. ಹೂವಿನ ಲೆಕ್ಕ ಅದು."

"ಹೌದೌದು. ಅವನೂ ಹಂಗ ಅಂತಾನ, ಬಸ್ಸು ನಿಲ್ಲೂದರಾಗ ಓಡಿ ಬಂದು."

ಬೂದೆಮ್ಮ ತನ್ನ ಹಣೆಬರಹ ಮರೆತಿದ್ದಳೆಂದಲ್ಲ. ಹನುಮಂತ್ರಾಯನಿಗೆ ದುರುಗಮ್ಮನನ್ನು ತಂದಾಗಲೇ ಮಾತಾಗಿತ್ತು. ಮಾನ್ವಿಯ ಸಿದ್ದರಾಮಪ್ಪ ತನ್ನ ಮಗಳು ದುರುಗಮ್ಮನನ್ನು ಈ ಮನೆಗೆ ಕೊಡುವುದು, ಈ ಮನೆಯವರು ಬೂದೆಮ್ಮನನ್ನು ಅವನ ಮಗ ಕನಕರಾಯನಿಗೆ ಕೊಡುವುದು. ಅದಲಿ ಬದಲಿ ಸಂಬಂಧ. ಒಂದು ಕಡೆ ಗಂಟು ಬಿಚ್ಚಿದರೆ ಇನ್ನೊಂದು ಕಡೆಯದೂ ಬಿಚ್ಚುತ್ತದೆ. ಪಕ್ಕದ ಹಳ್ಳಿಯಲ್ಲಿ ಹಾಗೆ ಆಗಿತ್ತು. ಕೊಡಬೇಕಾದ ಹುಡುಗಿ ಒಲ್ಲೆನೆಂದಳು, ತವರಿನವರು ಬಂದು ಕೊಟ್ಟ ಮಗಳನ್ನು ಕರೆದುಕೊಂಡು ಹೋದರು, ಅವಳ ಕೂಸು ಗಂಡನ ಮನೆಯಲ್ಲೇ ಉಳಿಯಿತು. ಆ ಕೂಸು ಅಳುವುದನ್ನು ಬೂದೆಮ್ಮ ಕೇಳಿದ್ದಳು.

ಆದರೆ ಆ ಮದುವೆ ಇನ್ನೂ ದೂರವಿತ್ತು. ಬರುವ ವರ್ಷ ನೋಡೋಣ ಎನ್ನುತ್ತಿದ್ದರು. ದೂರದ ಗುಡ್ಡ ಕಣ್ಣಿಗೆ ನುಣ್ಣಗೆ. ಅಷ್ಟರೊಳಗೆ ದಿನಕ್ಕೊಂದು ಚೀಟಿ ಬಂದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡು ಅವಳು ಸುಮ್ಮನಿದ್ದಳು.

ಚೈತ್ರದ ಒಂದು ದಿನ, ಅಪ್ಪನಿಗೆ ಔಷಧಿ ತರುವ ನೆವದಲ್ಲಿ ಬೂದೆಮ್ಮ ಬುಟ್ಟಿಯ ಜೊತೆ ಹೊರಟಿದ್ದಳು. ರಾಯಚೂರು ಇನ್ನೂ ಎಂಟು ಮೈಲಿ ಇರುವಾಗ ಬಸ್ಸಿನ ಟಾಯರು ಒಡೆಯಿತು. ಬದಲಿ ಟಾಯರಿನಲ್ಲೂ ಗಾಳಿಯಿರಲಿಲ್ಲ. ಹಿಂದಿನಿಂದ ರಾಯಚೂರಿಗೆ ಹೋಗುವ ಲಾರಿಯೊಂದು ಬಂತು. ಇಮಾಮಹುಸೇನ ಕೈ ಮಾಡಿ ನಿಲ್ಲಿಸಿ, ಡಿಪೋಗೂ ಹೂವಿನ ಅಂಗಡಿಗೂ ಸುದ್ದಿ ಹೇಳಿ ಕಳಿಸಿದ. ಲಾರಿಯ ತುಂಬ ಶೇಂಗಾ ಚೀಲ. ಹೂವಿಗೆ ಜಾಗವಿರಲಿಲ್ಲ.

ಬೇವಿನ ಗಿಡದ ಕೆಳಗೆ ಬುಟ್ಟಿ ಇಟ್ಟುಕೊಂಡು ಬೂದೆಮ್ಮ ಕೂತಳು. ಗೋಣಿತಟ್ಟು ಒಣಗಿತು. ಹೊಲದ ಬಾವಿಯಿಂದ ನೀರು ತಂದು ಚಿಮುಕಿಸಿದಳು, ಅದೂ ಒಣಗಿತು. ಎಲೆ ಸರಿಸಿ ನೋಡಿದರೆ ಮೊಗ್ಗುಗಳು ಒಂದೊಂದೇ ಬಾಯಿ ಬಿಡುತ್ತಿದ್ದವು.

ಒಂದೂವರೆ ತಾಸಿನ ಮೇಲೆ ಬಿಸಿಲಿನೊಳಗಿಂದ ಒಂದು ಸೈಕಲ್ ಹೊರಬಂತು. ಯಮನೂರಪ್ಪ ತಲೆಗೆ ಒದ್ದೆ ಟವೆಲು ಸುತ್ತಿದ್ದ. ಅದು ಯಾವಾಗಲೋ ಒಣಗಿ ಅವನ ಮುಖ ಮಾತ್ರ ಒದ್ದೆಯಾಗಿತ್ತು.

"ಹೂವು ಹ್ಯಾಂಗವ?" ಎಂದ, ಇಳಿಯುವ ಮೊದಲೇ.

"ಅರಳಾಕತ್ತಾವ."

"ಯಾರ ಅಪ್ಪಣಿ ಕೇಳಿ?"

"ಅರಳೂದಕ್ಕ ಯಾರ ಅಪ್ಪಣಿ ಬೇಕ್ರೀ," ಎಂದಳು. ಅಂದಮೇಲೆ ತಾನು ಅಂದದ್ದು ತನಗೇ ಕೇಳಿಸಿ ಸೆರಗು ಸರಿಪಡಿಸಿಕೊಂಡಳು.

ಅವನು ಎಲೆ ಸರಿಸಿ ನೋಡಿದ. ಮಲ್ಲಿಗೆ ಹೋಗಿತ್ತು. ಸಂಜೆಯ ಪೇಟೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಅಬ್ಬಲಿಗೆ ಉಳಿಯುತ್ತದೆ. ಅವನು ಅಬ್ಬಲಿಗೆಯನ್ನು ಬೇರೆ ಮಾಡಿ ಸೈಕಲ್ಲಿನ ಹಿಂದೆ ಕಟ್ಟಿದ. ಅರಳಿದ ಮಲ್ಲಿಗೆಯನ್ನು ಬಸ್ಸಿನಲ್ಲಿದ್ದ ಹೆಂಗಸರಿಗೆಲ್ಲ ಹಂಚಿದ. ಮುದುಕಿಯರೂ ಮುಡಿದರು. ಕೊನೆಯ ತುಂಡು ಅವನ ಕೈಯಲ್ಲಿ ಉಳಿಯಿತು. ಮುಂದೆ ಚಾಚಿದ ಕೈ ಅವಳ ತನಕ ಬಾರದೆ ನಡುವೆ ನಿಂತಿತು.

"ಇಷ್ಟುದ್ದ ಕೈ ಅದ ನಿಮ್ಮದು. ಇನ್ನ ನಾಲ್ಕು ಬೆರಳು ಬರೂದಿಲ್ಲೇನು?" ಎಂದಳು ಅವಳು, ನೆಲ ನೋಡುತ್ತ.

ಅವನು ನಕ್ಕ. ಹೂ ಅವಳ ಅಂಗೈಗೆ ಬಂತು. ಬಿಸಿಲಿಗೆ ಬೆಚ್ಚಗಾಗಿತ್ತು.

"ಬೂದೆಮ್ಮಾ, ಒಂದು ಮಾತು ಕೇಳಲೇನು? ನಿಮ್ಮ ಮನ್ಯಾಗ ಯಾರನ್ನ ಕೇಳಬೇಕು? ಅಪ್ಪನ್ನೋ, ಅಣ್ಣನ್ನೋ?"

ಏನು ಕೇಳಬೇಕು ಎಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಈಗ ಹೇಳಿಬಿಡಬೇಕು ಎಂದು ಅವಳ ನಾಲಿಗೆಯ ತುದಿಗೆ ಮಾನ್ವಿ ಬಂತು, ಕನಕರಾಯ ಬಂದ, ದುರುಗಮ್ಮ ಬಂದಳು. ಹೇಳಿದರೆ ಈ ಮನುಷ್ಯ ಈ ಬಿಸಿಲಿನಲ್ಲೇ ಸೈಕಲ್ ತಿರುಗಿಸಿ ಹೋಗುತ್ತಾನೆ. ನಾಳೆಯ ಬುಟ್ಟಿ ಖಾಲಿ ಬರುತ್ತದೆ. ಅವಳು ಕಾಲಿನ ಹೆಬ್ಬೆರಳಿನಿಂದ ಮಣ್ಣು ಗೀರುತ್ತ ಸುಮ್ಮನೆ ನಿಂತಳು.

ನಮ್ಮ ಕಡೆ ಇಂಥ ಮಾತು ಕೇಳಿದಾಗ ಹುಡುಗಿ ಬಾಯಿ ಮುಚ್ಚಿ ನೆಲ ಗೀರಿದರೆ ಅದಕ್ಕೆ ಒಂದೇ ಅರ್ಥ. ಯಮನೂರಪ್ಪನೂ ಅದೇ ಅರ್ಥ ಮಾಡಿಕೊಂಡ. ತಪ್ಪು ಅವನದಲ್ಲ. ಆ ಎಂಟು ಮೈಲಿಯನ್ನು ಅವನು ಸಿಳ್ಳೆ ಹಾಕುತ್ತ ತುಳಿದನೆಂದು ಆಮೇಲೆ ಇಮಾಮಹುಸೇನ ಹೇಳಿದ.

ಹದಿನೈದು ದಿನ ಕಳೆದಿರಲಿಲ್ಲ, ಮಾನ್ವಿಯಿಂದ ಹೇಳಿಕೆ ಬಂತು. ಬರುವ ವರ್ಷದ ಮಾತು ಬೇಡ, ಕನಕರಾಯನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ಮೊಮ್ಮಗನ ತಲೆಗೆ ಅಕ್ಕಿಕಾಳು ಬಿದ್ದದ್ದು ನೋಡಿಯೇ ಕಣ್ಣು ಮುಚ್ಚುತ್ತೇನೆ ಎನ್ನುತ್ತಾಳೆ. ವೈಶಾಖದ ಸೋಮವಾರ ಮುಹೂರ್ತ. ಮದುವೆ ಮಾನ್ವಿಯಲ್ಲಿ, ಗಂಡಿನ ಮನೆಯಲ್ಲೇ.

ಬೂದೆಮ್ಮ ಹೂ ಕಟ್ಟುತ್ತಲೇ ಕೇಳಿದಳು. ಬಾಳೆನಾರು ಕಡಿಯಿತು. ಮತ್ತೆ ಗಂಟು ಹಾಕಿದಳು.

ಮರುವಾರ ಸಂಜೆ ಬುಟ್ಟಿಯಲ್ಲಿ ಉದ್ದದ ಚೀಟಿ. ಯಮನೂರಪ್ಪನ ಅಕ್ಷರ ಎಂದಿಲ್ಲದಷ್ಟು ದುಂಡಾಗಿತ್ತು. 'ದೊಡ್ಡ ಆರ್ಡರ್ ಬಂದಿದೆ. ಮಾನ್ವಿಯ ಸಿದ್ದರಾಮಪ್ಪ ಅನ್ನುವವರ ಮಗನ ಮದುವೆ. ಮದುಮಗಳಿಗೆ ಅಬ್ಬಲಿಗೆಯ ದಂಡೆ, ಜಡೆ, ಇಬ್ಬರಿಗೂ ಮಾಲೆ. ಬೇರೆ ಯಾರ ಕೈಗೂ ಕೊಡುವುದಿಲ್ಲ, ನೀನೇ ಕಟ್ಟಬೇಕು. ರವಿವಾರದ ಬಸ್ಸಿಗೆ ಕಳಿಸು. ಸೋಮವಾರ ಬೆಳಿಗ್ಗೆ ನಾನೇ ಒಯ್ದು ಕೊಡುತ್ತೇನೆ. ಅದು ಮುಗಿದ ಮೇಲೆ ನಾನೂ ಸುಗ್ರಾ ಖಾಲಾನೂ ನಿಮ್ಮ ಊರಿಗೆ ಬರುತ್ತೇವೆ. ಯಾಕೆಂದು ನಿನಗೆ ಗೊತ್ತು.'

ಮೊದಲ ಸಲ 'ನೀನು' ಎಂದು ಬರೆದಿದ್ದ.

ಮದುಮಗಳಿಗೆ ಮುಡಿಸುವ ಹೂವು ಗಂಡಿನ ಮನೆಯದೇ ಆಗಬೇಕು, ಹೆಣ್ಣಿನ ತವರಿನ ಹೂವು ಆಗದು. ಅದು ಹಿಂದಿನಿಂದ ಬಂದ ಪದ್ಧತಿ. ಸಿದ್ದರಾಮಪ್ಪ ದೊಡ್ಡಸ್ತಿಕೆಗೆ ರಾಯಚೂರಿನ ಅಂಗಡಿಗೆ ಹೇಳಿದ್ದ. ಆ ಅಂಗಡಿಯ ಹೂವು ಎಲ್ಲಿಂದ ಬರುತ್ತದೆ ಎಂದು ಅವನಿಗೇನು ಗೊತ್ತು?

ದುರುಗಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೆ ನಾದಿನಿಯ ಮುಖ ಓದಲು ಬರುತ್ತಿತ್ತು. ಚೀಟಿಯಲ್ಲಿ ಏನಿದೆ ಎಂದು ಕೇಳಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿ ಬಂದು ಎದುರಿಗೆ ಕೂತಳು.

"ಬೂದೀ, ನಾ ತವರಿಗಿ ಹೋಗ್ತೀನಿ. ನೀ ರಾಯಚೂರಿಗಿ ಹೋಗು."

"ಕೂಸು?"

"ನಿಮ್ಮಣ್ಣನ ಕೂಸು. ಇಲ್ಲೇ ಇರ್ತದ."

"ಹಾಲು ಯಾರು ಕುಡಸ್ತಾರ?"

ದುರುಗಮ್ಮ ತೊಟ್ಟಿಲಿನ ಕಡೆ ತಿರುಗಿದಳು. ಅವಳು ಮನಸ್ಸಿನಿಂದಲೇ ಅಂದಿದ್ದಳು, ಅದೇ ತಾಳಲಾರದ್ದು. ಸುಳ್ಳಿಗೆ ಅಂದಿದ್ದರೆ ಬೂದೆಮ್ಮ ಜಗಳವಾಡಬಹುದಿತ್ತು.

ಮಾರನೆಯ ದಿನ ಅವಳು ಬುಟ್ಟಿಯ ಜೊತೆ ಬಸ್ಸು ಹತ್ತಿದಳು. ಯಾರೂ ಯಾಕೆಂದು ಕೇಳಲಿಲ್ಲ. ಇಮಾಮಹುಸೇನನೂ ತಮಾಷೆ ಮಾಡಲಿಲ್ಲ. ಊರಿಗೆಲ್ಲ ಮುಹೂರ್ತದ ಸುದ್ದಿ ಹರಡಿತ್ತು. "ನಾ ಹೇಳಲಿಲ್ಲವ್ವಾ ಅವಗ. ನನ್ನ ಬಾಯಿಗಿ ಬರಲಿಲ್ಲ," ಎಂದ.

ಅಂಗಡಿಯಲ್ಲಿ ಅವಳನ್ನು ಕಂಡು ಯಮನೂರಪ್ಪನ ಮುಖ ಬೆಳಗಿತು. ಅವಳ ಮುಖ ಕಂಡು ಆರಿತು. ಸುಗ್ರಾ ಬೇಗಂ ಇಬ್ಬರನ್ನೂ ನೋಡಿ, "ಪಾನು ತರ್ತೀನಿ," ಎಂದು ಎದ್ದು ಹೋದಳು. ಪಾನಿನ ಡಬ್ಬಿ ಅವಳ ಪಕ್ಕದಲ್ಲೇ ಇತ್ತು.

"ಮಾನ್ವಿ ಮದುವಿ ಹೂವು ನಾನೇ ಕಟ್ತೀನಿ," ಎಂದಳು ಬೂದೆಮ್ಮ.

"ಅದನ್ನ ಹೇಳಾಕ ಇಷ್ಟು ದೂರ ಬಂದೇನು?"

"ಆ ಮದುಮಗಳು ನಾನು."

ಹೊರಗೆ ಟಾಂಗಾ ಒಂದು ಹೋಯಿತು. ಕುದುರೆಯ ಗೆಜ್ಜೆಯ ಸದ್ದು ಸಂದಿಯ ತುದಿ ಮುಟ್ಟಿತು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಚೀಟಿ ನಿಲ್ತಿದ್ವು."

ಅವನು ಹಲಗೆಯ ಮೇಲೆ ಕುಸಿದು ಕೂತ. ಅಷ್ಟೆತ್ತರದ ಮನುಷ್ಯ ಕೂತರೆ ಇಷ್ಟು ಸಣ್ಣವನಾಗುತ್ತಾನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಎಲ್ಲ ಹೇಳಿದಳು. ಅಣ್ಣನ ಮದುವೆ, ಕೊಟ್ಟ ಮಾತು, ಎಂಟು ತಿಂಗಳ ಕೂಸು, ನಿನ್ನೆ ದುರುಗಮ್ಮ ಆಡಿದ ಮಾತು.

"ಐದರ ಬಸ್ಸು ಅದ ಹೈದರಾಬಾದಿಗಿ," ಎಂದ ಅವನು, ಕೇಳಿಯೂ ಕೇಳದವನಂತೆ. "ದಿನಾ ನಿನ್ನ ಹೂವು ಹತ್ತತಾವ. ಇವತ್ತು ಹೂವಿನ ಜೋಡಿ ನಾವೂ ಹತ್ತೂಣು. ಅಲ್ಲಿ ನನಗ ಗುರುತಿನವರು ಇದ್ದಾರ. ಹೊಟ್ಟಿಗಿ ಕಡಿಮಿ ಮಾಡೂದಿಲ್ಲ ನಾ."

"ಗೊತ್ತದ."

"ಮತ್ತ?"

"ನಾ ಆ ಬಸ್ಸು ಹತ್ತಿದ ದಿನ ದುರುಗಮ್ಮ ಮಾನ್ವಿ ಬಸ್ಸು ಹತ್ತಬೇಕು. ಬರಿಗೈಲೆ."

"ನಾ ಹೋಗಿ ಸಿದ್ದರಾಮಪ್ಪನ ಕಾಲು ಹಿಡಿತೀನಿ."

"ಹಿಡದ್ರ ಅಂವ ಎತ್ತಿ ನಿಲ್ಲಸ್ತಾನ. ಊಟ ಹಾಕ್ತಾನ. ಅವ ಕೆಟ್ಟಾವಲ್ಲ. ಆದ್ರ ಮಾತು ಅಂದ್ರ ಮಾತು ಅಂತಾನ. ನಮ್ಮಪ್ಪನೂ ಹಂಗ ಅಂತಾನ. ಯಾರೂ ಕೆಟ್ಟವ್ರಿಲ್ಲ ಇದರಾಗ. ನಾ ಯಾರ ಮ್ಯಾಲೆ ಸಿಟ್ಟು ಮಾಡ್ಲಿ, ಹೇಳ್ರಿ."

ಅವನು ತಲೆ ಎತ್ತಿದ. ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಿನಗ ನಾ ಬೇಕಾಗಿದ್ದೆ, ಹೌದಿಲ್ಲೋ? ಅಷ್ಟಾದ್ರೂ ಬಾಯಿ ಬಿಟ್ಟು ಹೇಳು. ಅವತ್ತು ಸುಮ್ಮನ ನಿಂತಿದ್ದಿ."

"ಬೇಕಾಗಿದ್ರಿ," ಎಂದಳು ಬೂದೆಮ್ಮ. ಆಮೇಲೆ, ಮೆಲ್ಲಗೆ, "ಈಗ್ಲೂ ಬೇಕು. ಅದಕ್ಕೇನು ಮಾಡೂದು?"

ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹೂವು ಬ್ಯಾರೆ ಯಾರಿಗಾದ್ರೂ ಹೇಳ್ತೀನಿ. ನಿನ್ನ ಕೈಲೆ ಅದನ್ನ ಕಟ್ಟಸೂದಿಲ್ಲ."

"ಬ್ಯಾಡ. ನಿಮ್ಮ ಅಂಗಡಿಯಿಂದ ನನಗ ಬರೂದು ಅದೊಂದ. ಬ್ಯಾರೆಯವ್ರು ಕಟ್ಟಿದ್ದು ನಾ ಯಾಕ ಮುಡಿಲಿ?"

ಸಂಜೆಯ ಬಸ್ಸಿಗೆ ಅವನು ಅವಳನ್ನು ಬಿಡಲು ಬಂದ. ಕಿಟಕಿಯ ಕೆಳಗೆ ನಿಂತ. ಬಸ್ಸು ಹೊರಡುವ ತನಕ ಇಬ್ಬರೂ ಗಬ್ಬೂರಿನ ರಸ್ತೆ ಎಷ್ಟು ಕೆಟ್ಟಿದೆ ಎಂದು ಮಾತಾಡಿದರು.

ರವಿವಾರ ನಸುಕಿನಲ್ಲಿ ಬೂದೆಮ್ಮ ಅರಿಶಿನ ಹಚ್ಚಿದ ಕೈಯಲ್ಲೇ ಅಬ್ಬಲಿಗೆ ಹರಿದಳು. ಸೋದರತ್ತೆ ಭೀಮವ್ವ ಬೈದಳು. "ಮದುಮಗಳು ಹೊಲ ತುಳೀತಾಳೇನು? ನಾಳಿ ಮದುವಿ ಇಟಗೊಂಡು ವ್ಯಾಪಾರ ಇವಳಿಗಿ." ದುರುಗಮ್ಮ, "ಬಿಡು ಅತ್ತಿ, ಕೊನೀ ಬುಟ್ಟಿ," ಎಂದು ತಾನೂ ಎದುರು ಕೂತಳು. ಇಬ್ಬರೂ ಕೂಡಿ ಕಟ್ಟಿದರು. ಬೂದೆಮ್ಮ ಬಾಳೆನಾರು ಎಳೆದಲ್ಲೆಲ್ಲ ಹಳದಿ ಹತ್ತಿತು. ತೊಳೆದರೆ ಹೋಗುವ ಬಣ್ಣವಲ್ಲ.

ಒಂಬತ್ತಕ್ಕೆ ಬುಟ್ಟಿ ರಾಯಚೂರಿನ ದಾರಿ ಹಿಡಿಯಿತು. ಹತ್ತಕ್ಕೆ ಮದುಮಗಳ ಟ್ರ್ಯಾಕ್ಟರು ಮಾನ್ವಿಯ ದಾರಿ ಹಿಡಿಯಿತು. ಒಂದೇ ಅಂಗಳದಿಂದ ಹೊರಟು, ನಾಳೆ ಒಂದೇ ಚಪ್ಪರಕ್ಕೆ ಬಂದು ಸೇರಬೇಕಾದವು. ಬರುವ ದಾರಿ ಮಾತ್ರ ಬೇರೆಬೇರೆ.

ಸೋಮವಾರ ಬೆಳಿಗ್ಗೆ ಯಮನೂರಪ್ಪ ಮೊದಲ ಬಸ್ಸಿಗೇ ಮಾನ್ವಿಗೆ ಬಂದಿಳಿದ. ಬೇರೆ ಯಾರನ್ನೂ ಕಳಿಸುವಂತಿರಲಿಲ್ಲ. ಅಂಗಡಿಯಲ್ಲಿ ಅವನನ್ನು ಬಿಟ್ಟರೆ ಇದ್ದವಳು ಸುಗ್ರಾ ಬೇಗಂ ಒಬ್ಬಳೇ, ಅವಳಿಗೆ ಮೊಣಕಾಲು ನೋವು. ಹೂವು ಕಾಯುವ ವಸ್ತುವಲ್ಲ. ಅವನು ಬುಟ್ಟಿಯನ್ನು ಹೆಂಗಸರ ಕೈಗೆ ಕೊಟ್ಟು ತಿರುಗಿ ಹೋಗುವವನಿದ್ದ.

"ಎಲ್ಲಿಗಿ ಹೋಗ್ತೀರಿ? ರಾಯಚೂರಿಗಿ ಇನ್ನ ನಾಕು ಗಂಟಿಗೇ ಬಸ್ಸು," ಎಂದು ಸಿದ್ದರಾಮಪ್ಪ ಅವನ ಕೈ ಹಿಡಿದು ಕೂರಿಸಿದ. "ಹೂವು ತಂದಾವ್ರು ಮದುವಿ ನೋಡ್ದ ಹೋಗಬಾರದು."

ಒಳಗೆ ಭೀಮವ್ವ ಬೂದೆಮ್ಮನ ತಲೆಗೆ ದಂಡೆ ಕಟ್ಟಿದಳು, ಜಡೆಗೆ ಹೂ ಹೆಣೆದಳು. "ನೋಡು, ರಾಯಚೂರಿನ ಹೂವು ಅಂದ್ರ ರಾಯಚೂರಿಂದು. ನೀನೂ ಕಟ್ಟತಿ, ಹಿಂಗ ಬರ್ತದೇನು ನಿನಗ?" ಎಂದಳು. ಬೂದೆಮ್ಮ ಇಲ್ಲವೆಂದು ತಲೆಯಾಡಿಸಿದಳು.

ಚಪ್ಪರಕ್ಕೆ ಬಂದಾಗ ಅವನು ಕಂಬದ ಪಕ್ಕದಲ್ಲಿದ್ದ. ಅವಳು ನೋಡಿದ್ದು ಒಂದೇ ಸಲ. ಬಾಸಿಂಗದ ಕೆಳಗಿನಿಂದ ಎಲ್ಲರ ಕಾಲುಗಳೂ ಒಂದೇ ತರಹ ಕಾಣುತ್ತವೆ, ಆದರೆ ಅಷ್ಟುದ್ದದ ಪಾದ ಆ ಚಪ್ಪರದಲ್ಲಿ ಇನ್ನೊಬ್ಬರದಿರಲಿಲ್ಲ. ಪಕ್ಕದಲ್ಲಿ ನಿಂತ ಕನಕರಾಯನೂ ಅತ್ತ ನೋಡಿದ್ದ. ಬಾಗಿ ತನ್ನ ಅಕ್ಕ ದುರುಗಮ್ಮನಿಗೆ ಪಿಸುಮಾತಿನಲ್ಲಿ, "ಯಕ್ಕಾ, ಆ ಹೂವಿನಾವಗ ಯಾರೂ ನೀರು ಸುದ್ದಾ ಕೊಟ್ಟಿಲ್ಲ ನೋಡು. ಬಿಸಲಾಗ ಬಂದಾನ ಪಾಪ," ಎಂದ.

ಅಲ್ಲಿಯ ತನಕ ಬೂದೆಮ್ಮನ ಕಣ್ಣು ಒಣಗಿಯೇ ಇತ್ತು. ಆ ಮಾತಿಗೆ ತುಂಬಿತು. ಇವನ ಮೇಲೂ ಸಿಟ್ಟು ಮಾಡುವಂತಿಲ್ಲ.

ಭೀಮವ್ವ ಎಲ್ಲರಿಗೂ ಅಕ್ಷತೆಗೆಂದು ಅರಿಶಿನದ ಜೋಳ ಹಂಚುತ್ತ ಬಂದು ಅವನ ಅಂಗೈಗೂ ಒಂದು ಹಿಡಿ ಸುರಿದಳು. ವಾದ್ಯ ಏರಿತು. ತಲೆಯ ಮೇಲೆ, ಹೆಗಲ ಮೇಲೆ, ಕೊರಳಿಗೆ ಬರುತ್ತಿದ್ದ ತಾಳಿಯ ಮೇಲೆ ಕಾಳು ಬಿದ್ದವು. ಎಲ್ಲ ದಿಕ್ಕಿನಿಂದ ಬಿದ್ದವು. ಅವುಗಳಲ್ಲಿ ಅವನವು ಯಾವುವು, ಅವನು ಎಸೆದನೋ ಇಲ್ಲವೋ, ಅವಳಿಗೆ ಎಂದಿಗೂ ತಿಳಿಯುವಂತಿರಲಿಲ್ಲ.

ಆಮೇಲೆ ಮದುಮಕ್ಕಳನ್ನು ಒಳಗೆ ಕೂರಿಸಿ ಇಬ್ಬರಿಗೂ ಸೇರಿ ಒಂದೇ ತಾಟು ಇಟ್ಟರು. ಬೂದೆಮ್ಮ ಕೈ ಹಾಕಲಿಲ್ಲ. ಹೊರಗೆ ಮೊದಲ ಪಂಕ್ತಿ ಏಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ದುರುಗಮ್ಮ ತುಪ್ಪದ ಗಿಂಡಿ ಹಿಡಿದು ಬಂದು ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು. ಕಣ್ಣು ಕೆಂಪಾಗಿದ್ದವು. ಒಲೆಯ ಹೊಗೆ ಎನ್ನಬಹುದಿತ್ತು.

"ಹೂವಿನವ್ರು ಉಂಡ್ರು," ಎಂದಳು, ಅವಳಿಗಷ್ಟೇ ಕೇಳುವಂತೆ.

"ನೀನೇ ಬಡಿಸಿದೇನು?"

"ನಾನೇ. ಮೂರು ಸಲ ಹೋಳಿಗಿ ಹಾಕಿನಿ. ಒಂದ್ಸಲನೂ ಬ್ಯಾಡ ಅನ್ನಲಿಲ್ಲ."

"ತುಪ್ಪ?"

"ತುಪ್ಪಾನೂ ಹಾಕಿನಿ. ಎಲಿ ಒರಸಿದಂಗ ಉಂಡ್ರು. ಒಂದು ಅಗಳು ಬಿಡಲಿಲ್ಲ. ಏಳೂವಾಗ, 'ಯಕ್ಕಾ, ಹೊಟ್ಟಿ ತುಂಬೇದ' ಅಂದ್ರು."

"ಹೋದ್ರೇನು?"

"ಸ್ಟ್ಯಾಂಡಿಗಿ ಹೋಗಿ ಕೂಡ್ತೀನಿ ಅಂತ ಹೋದ್ರು. ಇನ್ನ ಎರಡು ತಾಸದ ಬಸ್ಸಿಗಿ. ಇಲ್ಲೇ ನೆಳ್ಳಾಗ ಕೂಡ್ರಿ ಅಂದ್ನಿ. ಕೇಳಲಿಲ್ಲ."

ಆಚೆಯ ಕೋಣೆಯಲ್ಲಿ ಕೂಸು ಎದ್ದು ಅತ್ತಿತು. ದುರುಗಮ್ಮ ಗಿಂಡಿಯನ್ನು ಅಲ್ಲೇ ಬಿಟ್ಟು ಓಡಿದಳು. ಅಳು ನಿಂತಿತು. ಹಾಲು ಚೀಪುವ ಸದ್ದು ಗೋಡೆಯ ಈಚೆಗೂ ಬರುತ್ತಿತ್ತು.

ಬೂದೆಮ್ಮ ಅದನ್ನು ಕೇಳುತ್ತ ಕೂತಳು. ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಈಗ ಹಸಿವಾಗುತ್ತಿತ್ತು, ನಾಚಿಕೆಯಾಗುವಷ್ಟು ಹಸಿವು. ಅವಳು ತಾಟಿಗೆ ಕೈ ಹಾಕಿ ಹೋಳಿಗೆ ಮುರಿದಳು.

ಕನಕರಾಯ ಅವಳ ಮುಖ ನೋಡಲಿಲ್ಲ. ತನ್ನ ಕಡೆಗಿದ್ದ ಹೋಳಿಗೆಯನ್ನು ಬೆರಳಿನಿಂದ ಮೆಲ್ಲಗೆ ಅವಳ ಕಡೆಗೆ ಸರಿಸಿದ.

ಅವಳು ಅದನ್ನೂ ತಿಂದಳು.